ಗೇಮಿಂಗ್ ಕೀಬೋರ್ಡ್: ಒತ್ತುವ ಲೆಕ್ಕ ಸರಿ, ಬಿಡುವ ಲೆಕ್ಕ ಏನು?

ಹೋದ ತಿಂಗಳು ಧಾರವಾಡದಿಂದ ಅಕ್ಕನ ಮಗ ಬಂದಿದ್ದ. ಚಿಗರಿ ಬಸ್ ಇಳಿದು ಬಂದವನು ಚಪ್ಪಲಿ ಕಳಚುವ ಮೊದಲೇ ಫೋನ್ ನನ್ನ ಮುಖದ ಮುಂದೆ ಹಿಡಿದ.

"ಮಾಮಾ, ಈ ಕೀಬೋರ್ಡ್ ಎಂಟು ಸಾವಿರ ಹರ್ಟ್ಜ್ ಐತಿ. ತಗೊಂಡ್ ಬಿಡ್ಲೇನು?"

"ನಿನ್ನ ಮಾನಿಟರ್ ಎಷ್ಟು ಹರ್ಟ್ಜ್ ಐತೋ?"

"ಅರವತ್ತು."

ಅಲ್ಲಿಂದ ಶುರುವಾದ ಮಾತು ರಾತ್ರಿ ಊಟದ ತಾಟು ಎತ್ತುವವರೆಗೂ ನಡೆಯಿತು. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಜೋಡಿಸಿ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಹುಬ್ಬಳ್ಳಿಯಲ್ಲಿ ಡಿಟಿಪಿ ಅಂಗಡಿ. ಹಗಲೆಲ್ಲ ಲಗ್ನಪತ್ರಿಕೆ, ಅರ್ಜಿ, ಬಾಂಡ್ ಪೇಪರ್. ರಾತ್ರಿ ವ್ಯಾಲೊರಂಟ್, ಸಿಎಸ್ 2 (ಕೌಂಟರ್-ಸ್ಟ್ರೈಕ್ 2) ಎಂಬ ಗುಂಡು ಹಾರಿಸುವ ಆಟಗಳು. ದಿನಕ್ಕೆ ಹತ್ತು ಹನ್ನೆರಡು ತಾಸು ಬೆರಳು ಕೀಬೋರ್ಡ್ ಮೇಲೆಯೇ ಇರುತ್ತದೆ. ಹಾಗಾಗಿ ಒಳ್ಳೆಯದು, ಕೆಟ್ಟದ್ದು ಎರಡನ್ನೂ ದುಡ್ಡು ಕೊಟ್ಟು ಕಲಿತಿದ್ದೇನೆ.

ಮಿಲಿಸೆಕೆಂಡ್ ಎಲ್ಲೆಲ್ಲಿ ಸೋರುತ್ತದೆ

ನೀವು ಕೀ ಒತ್ತಿದ್ದಕ್ಕೂ ಪರದೆಯ ಮೇಲೆ ನಿಮ್ಮ ಆಟಗಾರ ಅಲುಗಾಡಿದ್ದಕ್ಕೂ ನಡುವೆ ಹಲವು ಕೆಲಸ ಆಗಬೇಕು. ಮೊದಲು ಕೀ ಒಂದಷ್ಟು ಕೆಳಗೆ ಇಳಿಯಬೇಕು. ಸ್ವಿಚ್ ಒತ್ತಿದ್ದು ನಿಜವೇ ಎಂದು ಒಳಗಿನ ಚಿಪ್ ಖಾತ್ರಿ ಮಾಡಿಕೊಳ್ಳಬೇಕು. ಅದು ಯುಎಸ್‌ಬಿ ದಾರಿಯಲ್ಲಿ ಕಂಪ್ಯೂಟರ್ ಮುಟ್ಟಬೇಕು. ಆಟ ಮುಂದಿನ ಫ್ರೇಮ್, ಅಂದರೆ ಮುಂದಿನ ಚಿತ್ರ, ತಯಾರು ಮಾಡಬೇಕು. ಮಾನಿಟರ್ ಅದನ್ನು ತೋರಿಸಬೇಕು. ಆನ್‌ಲೈನ್ ಆಟವಾದರೆ ಮುಂಬೈ ಸರ್ವರ್ ತನಕ ಹೋಗಿ ಬರುವ ಹಾದಿ ಬೇರೆ.

ಬಾಕ್ಸ್ ಮೇಲೆ ದೊಡ್ಡದಾಗಿ ಬರೆಯುವುದು ಇವುಗಳಲ್ಲಿ ಒಂದೇ ಒಂದನ್ನು. ಅದೇ ಪೋಲಿಂಗ್ ರೇಟ್. ಕೀಬೋರ್ಡ್ ತಾನಾಗಿ ಕೂಗಿ ಹೇಳುವುದಿಲ್ಲ. ಕಂಪ್ಯೂಟರ್ ಆಗಾಗ "ಏನಾದರೂ ಐತೇನು?" ಎಂದು ಕೇಳುತ್ತದೆ, ಆಗಷ್ಟೇ ಹೇಳುತ್ತದೆ. ಸಾದಾ ಆಫೀಸ್ ಕೀಬೋರ್ಡನ್ನು ಸೆಕೆಂಡಿಗೆ 125 ಸಲ (ಇದೇ 125 ಹರ್ಟ್ಜ್) ಕೇಳುತ್ತದೆ, ಅಂದರೆ 8 ಮಿಲಿಸೆಕೆಂಡಿಗೆ ಒಮ್ಮೆ. 1000 ಹರ್ಟ್ಜ್ ಆದರೆ ಮಿಲಿಸೆಕೆಂಡಿಗೆ ಒಮ್ಮೆ. 8000 ಆದರೆ 0.125 ಮಿಲಿಸೆಕೆಂಡಿಗೆ ಒಮ್ಮೆ.

ಈಗ ಲೆಕ್ಕ ಹಾಕಿ. 125ರಿಂದ 1000ಕ್ಕೆ ಏರಿದರೆ ಸರಾಸರಿ ಮೂರೂವರೆ ಮಿಲಿಸೆಕೆಂಡ್ ಉಳಿಯುತ್ತದೆ. ಇದು ಸಣ್ಣದಲ್ಲ. 1000ದಿಂದ 8000ಕ್ಕೆ ಏರಿದರೆ ಉಳಿಯುವುದು ಅರ್ಧ ಮಿಲಿಸೆಕೆಂಡಿಗಿಂತ ಕಡಿಮೆ. ಅತ್ತ 60 ಹರ್ಟ್ಜ್ ಮಾನಿಟರ್ ಹೊಸ ಚಿತ್ರ ತೋರಿಸುವುದೇ 16.7 ಮಿಲಿಸೆಕೆಂಡಿಗೆ ಒಮ್ಮೆ. 144 ಹರ್ಟ್ಜ್ ಮಾನಿಟರ್ 6.9ಕ್ಕೆ ಒಮ್ಮೆ, 240ರದ್ದು 4.2ಕ್ಕೆ ಒಮ್ಮೆ. ಅಳಿಯನ ಮಾನಿಟರ್ ಮುಂದೆ ಆ ಅರ್ಧ ಮಿಲಿಸೆಕೆಂಡ್ ಯಾವ ಲೆಕ್ಕ? ಜೊತೆಗೆ 8000 ಹರ್ಟ್ಜ್ ಇಟ್ಟರೆ ಪ್ರೊಸೆಸರ್ ಮೇಲೆ ಕೆಲಸ ಹೆಚ್ಚುತ್ತದೆ. ಹಳೆಯ ಪಿಸಿಯಲ್ಲಿ ಫ್ರೇಮ್ ರೇಟ್ ಕುಸಿದು ಕೈಗೆ ಬಂದಿದ್ದಕ್ಕಿಂತ ಹೋದದ್ದೇ ಜಾಸ್ತಿ ಆಗಬಹುದು.

ನನ್ನ ಪ್ರಕಾರ 1000 ಹರ್ಟ್ಜ್ ಇರಲೇಬೇಕು. ಅದರ ಮೇಲಿನದ್ದು ಬಂದರೆ ಬರಲಿ, ಅದಕ್ಕೆಂದು ಬೇರೆ ದುಡ್ಡು ಕೊಡಬೇಡಿ.

ಇನ್ನೊಂದು ಮಾತು, ಕೀಬೋರ್ಡಿಗೆ ಸಂಬಂಧ ಇಲ್ಲದ್ದು. 144 ಹರ್ಟ್ಜ್ ಮಾನಿಟರ್ ತಂದು, ವಿಂಡೋಸ್ ಸೆಟ್ಟಿಂಗಿನಲ್ಲಿ 60ರಲ್ಲೇ ಬಿಟ್ಟವರನ್ನು ನಾನೇ ಇಬ್ಬರನ್ನು ನೋಡಿದ್ದೇನೆ. ವೈಫೈ ಮೇಲೆ ಆಡುತ್ತಾ "ಲ್ಯಾಗ್ ಆಗ್ತೈತಿ" ಎಂದು ಕೀಬೋರ್ಡ್ ಬಯ್ಯುವವರಂತೂ ಲೆಕ್ಕಕ್ಕಿಲ್ಲ. ಮೊದಲು ರೂಟರಿನಿಂದ ಒಂದು ಲ್ಯಾನ್ ಕೇಬಲ್ ಎಳೆಯಿರಿ. ಮುನ್ನೂರು, ನಾನೂರು ರೂಪಾಯಿ ಕೆಲಸ. ಯಾವ ಕೀಬೋರ್ಡೂ ಕೊಡದಷ್ಟು ಫರಕು ಅದು ಕೊಡುತ್ತದೆ.

ಮೆಂಬ್ರೇನ್, ಮತ್ತು "ಮೆಕ್ಯಾನಿಕಲ್ ಫೀಲ್" ಎಂಬ ಮಾತು

ನನ್ನ ಮೊದಲ ಗೇಮಿಂಗ್ ಕೀಬೋರ್ಡ್ ತಂದದ್ದು ಹೀಗೆ. ಅಂಗಡಿಯಲ್ಲಿ ಏಳು ಬಣ್ಣದ ಲೈಟು ಮಿನುಗುತ್ತಿತ್ತು. ಬಾಕ್ಸ್ ಮೇಲೆ "ಮೆಕ್ಯಾನಿಕಲ್ ಫೀಲ್" ಎಂದಿತ್ತು. ನಾನು "ಮೆಕ್ಯಾನಿಕಲ್" ಮಾತ್ರ ಓದಿದೆ. ಮನೆಗೆ ಬಂದು ಒಂದು ಕೀಕ್ಯಾಪ್ (ಕೀಯ ಮೇಲಿನ ಮುಚ್ಚಳ) ಕಿತ್ತು ನೋಡಿದರೆ ಕೆಳಗೆ ರಬ್ಬರಿನ ಗುಬುಟು. ಪಕ್ಕಾ ಮೆಂಬ್ರೇನ್. ಅಂಗಡಿಯವನದ್ದೇನೂ ತಪ್ಪಿಲ್ಲ, ಅವನು ಬಾಕ್ಸಿನಲ್ಲಿ ಇದ್ದದ್ದನ್ನೇ ಓದಿ ಹೇಳಿದ್ದ.

ಮೆಂಬ್ರೇನಿನಲ್ಲಿ ರಬ್ಬರ್ ಪೂರ್ತಿ ಕುಸಿದು ತಳ ಮುಟ್ಟಿದಾಗಲೇ ಕೀ ಹತ್ತುತ್ತದೆ, ಅಂದರೆ ಒತ್ತಿದ್ದು ಲೆಕ್ಕಕ್ಕೆ ಬರುತ್ತದೆ. ಬೆರಳು ಪ್ರತಿ ಸಲ ತಳದವರೆಗೆ ಹೋಗಬೇಕು. ಅದಕ್ಕಿಂತ ದೊಡ್ಡ ತೊಂದರೆ ಒಟ್ಟಿಗೆ ಹಲವು ಕೀ ಒತ್ತಿದಾಗ ಬರುತ್ತದೆ. ಒಳಗೆ ಕೀಗಳು ಅಡ್ಡ ಮತ್ತು ಉದ್ದ ಸಾಲುಗಳ ಜಾಲರಿಯಲ್ಲಿ ಕೂತಿರುತ್ತವೆ. ಒಂದು ಚೌಕದ ಮೂರು ಮೂಲೆಯ ಕೀ ಒತ್ತಿದರೆ ನಾಲ್ಕನೆಯದೂ ಒತ್ತಿದ ಹಾಗೆ ಚಿಪ್‌ಗೆ ಕಾಣುತ್ತದೆ. ಇದೇ ಗೋಸ್ಟಿಂಗ್. ಸುಳ್ಳು ಅಕ್ಷರ ಬರಬಾರದೆಂದು ಕಂಪನಿಯವರು ಮೂರನೇ ಕೀಯನ್ನೇ ತಡೆದುಬಿಡುತ್ತಾರೆ. ಆಟದಲ್ಲಿ ಶಿಫ್ಟ್ ಹಿಡಿದು, ಡಬ್ಲ್ಯೂ ಮತ್ತು ಎ ಒತ್ತಿ, ಸ್ಪೇಸ್ ಹೊಡೆದರೆ ಆಟಗಾರ ಹಾರುವುದೇ ಇಲ್ಲ. ನೀವು ಹೊಡೆದದ್ದು ನಿಜ, ಕೀಬೋರ್ಡ್ ನುಂಗಿದ್ದೂ ನಿಜ.

ಪರೀಕ್ಷೆ ಸುಲಭ. ನೋಟ್‌ಪ್ಯಾಡ್ ತೆರೆದು ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಹಿಡಿಯಿರಿ. ಹಾಗೆಯೇ ಎ ಇಂದ ಝಡ್ ತನಕ ಟೈಪ್ ಮಾಡುತ್ತಾ ಹೋಗಿ. ಸಾದಾ ಮೆಂಬ್ರೇನಿನಲ್ಲಿ ನಡುನಡುವೆ ಅಕ್ಷರ ಮಾಯ ಆಗುತ್ತವೆ. ಗೇಮಿಂಗ್ ಮೆಂಬ್ರೇನ್ ಮೇಲೆ "19 ಕೀ ಆಂಟಿ-ಗೋಸ್ಟಿಂಗ್", "26 ಕೀ ಆಂಟಿ-ಗೋಸ್ಟಿಂಗ್" ಎಂದು ಬರೆದಿರುತ್ತಾರಲ್ಲ, ಆಟಕ್ಕೆ ಬೇಕಾದ ಅಷ್ಟು ಕೀಗಳ ಸುತ್ತ ಮಾತ್ರ ಈ ತೊಂದರೆ ಬರದ ಹಾಗೆ ಜಾಲರಿ ಹೆಣೆದಿದ್ದೇವೆ ಎಂದು ಅದರರ್ಥ. ಎಲ್ಲ ಕೀಗೂ ಬೇಕಾದರೆ "ಎನ್-ಕೀ ರೋಲ್‌ಓವರ್" ಎಂದಿರಬೇಕು.

ಐನೂರರಿಂದ ಸಾವಿರದೈನೂರು ರೂಪಾಯಿಯ ಈ ವರ್ಗವನ್ನು ಯಾರಿಗೆ ಹೇಳಲಿ? ಕಾರ್ ರೇಸ್, ಜಿಟಿಎ, ವಾರಕ್ಕೊಮ್ಮೆ ಗೆಳೆಯರ ಜೊತೆ ಮಜಾಕ್ಕೆ ಆಡುವವರಿಗೆ. ಕ್ರಿಕೆಟ್, ಫುಟ್‌ಬಾಲ್ ಆಡುವವರಂತೂ ಕೀಬೋರ್ಡ್ ಆಸೆ ಬಿಟ್ಟು ಕಂಟ್ರೋಲರ್ ತಗೊಳ್ಳಿ.

ಮೆಕ್ಯಾನಿಕಲ್: ಕೆಂಪು, ಕಂದು, ನೀಲಿ, ಬೆಳ್ಳಿ

ಇಲ್ಲಿ ಪ್ರತಿ ಕೀ ಕೆಳಗೂ ಬೇರೆ ಬೇರೆ ಸ್ವಿಚ್. ಸ್ಪ್ರಿಂಗ್ ಇದೆ, ಲೋಹದ ಎರಡು ಎಸಳು ಇವೆ. ಎಸಳು ಕೂಡಿದರೆ ಕೀ ಹತ್ತಿತು. ಬಣ್ಣದ ಹೆಸರುಗಳನ್ನು ಜನರ ಬಾಯಿಗೆ ತಂದದ್ದು ಜರ್ಮನಿಯ ಚೆರ್ರಿ ಕಂಪನಿ. ಈಗ ಗೇಟರಾನ್, ಕೈಲ್, ಔಟೆಮು ಎಲ್ಲರೂ ಅದೇ ಬಣ್ಣದ ಲೆಕ್ಕ ಇಟ್ಟುಕೊಂಡಿದ್ದಾರೆ.

ಚೆರ್ರಿ ಕೆಂಪು ಸ್ವಿಚ್ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, 2 ಮಿಲಿಮೀಟರಿಗೆ ಹತ್ತುತ್ತದೆ. ನಡುವೆ ಎಲ್ಲೂ ತಡೆ ಇಲ್ಲ, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ. ಕಂದಿನಲ್ಲಿ ನಡುವೆ ಸಣ್ಣದೊಂದು ಉಬ್ಬು ಕೈಗೆ ಸಿಗುತ್ತದೆ. ನೀಲಿಯಲ್ಲಿ ಉಬ್ಬಿನ ಜೊತೆ ಟಕ್ ಎಂಬ ಸದ್ದು. ಬೆಳ್ಳಿ, ಅಂದರೆ ಸ್ಪೀಡ್ ಸಿಲ್ವರ್, 1.2 ಮಿಲಿಮೀಟರಿಗೇ ಹತ್ತುತ್ತದೆ. ಒಟ್ಟು ಇಳಿತವೂ 3.4 ಮಾತ್ರ.

ಬೆಳ್ಳಿಯೇ ಎಲ್ಲಕ್ಕಿಂತ ವೇಗ ಅಂತ ಅನ್ನಿಸುತ್ತದೆ ಅಲ್ವಾ? ಒತ್ತುವಾಗ ಹೌದು. ಆದರೆ ಬಿಡುವಾಗಿನ ಲೆಕ್ಕ ಬೇರೆ. ಕೀಯನ್ನು ತಳಕ್ಕೆ ಒತ್ತಿ ಹಿಡಿದಿದ್ದೀರಿ ಎಂದುಕೊಳ್ಳಿ. ಕೆಂಪಿನಲ್ಲಿ ಬೆರಳನ್ನು ಸುಮಾರು 2 ಮಿಲಿಮೀಟರ್ ಮೇಲೆತ್ತಿದರೆ "ಬಿಟ್ಟ" ಎಂದು ಗೊತ್ತಾಗುತ್ತದೆ. ಬೆಳ್ಳಿಯಲ್ಲಿ ಹತ್ತುವ ಜಾಗ ಮೇಲೆಯೇ ಇರುವುದರಿಂದ ಅಲ್ಲಿಯವರೆಗೂ ಎತ್ತಬೇಕು. 3.4ರಲ್ಲಿ 1.2 ಕಳೆಯಿರಿ, 2.2 ಆಯಿತು. ಒತ್ತುವಾಗ ಉಳಿಸಿದ್ದನ್ನು ಬಿಡುವಾಗ ವಾಪಸ್ ಕೊಟ್ಟ ಹಾಗೆ. ಬೆಳ್ಳಿ ಸ್ವಿಚ್ ಮಾರುವವರು ಈ ಕಳೆಯುವ ಲೆಕ್ಕ ಹೇಳುವುದಿಲ್ಲ.

ನೀಲಿಯಲ್ಲಿ ಇದು ಇನ್ನೂ ಕೆಟ್ಟದು. ಹತ್ತುವ ಜಾಗಕ್ಕೂ ಬಿಡುವ ಜಾಗಕ್ಕೂ ನಡುವೆ ಅಂತರ ಇದೆ. ಹತ್ತಿದ ಜಾಗಕ್ಕಿಂತ ಇನ್ನೂ ಮೇಲೆ ಹೋದ ಮೇಲೆಯೇ ಅದು ಬಿಡುತ್ತದೆ. ಒಂದೇ ಕೀಯನ್ನು ಎರಡೆರಡು ಸಲ ಪಟಪಟ ಹೊಡೆಯುವ ಆಟಕ್ಕೆ ಸಲ್ಲದು. ಹೊಡೆಯಲು ಹೋದರೂ ಮನೆಯವರು ಬಿಡಬೇಕಲ್ಲ. ನಾನು ನೀಲಿ ತಂದ ಮೂರನೇ ರಾತ್ರಿ ಅವ್ವ ಎದ್ದು ಬಂದು ಬಾಗಿಲಲ್ಲಿ ನಿಂತಳು. "ಏನಪಾ ಇದು, ರಾತ್ರಿ ಹನ್ನೆರಡಕ್ಕ ಟೈಪಿಂಗ್ ಕ್ಲಾಸ್ ನಡಸಾಕತ್ತಿ ಏನು?" ಮರುದಿನವೇ ಅದು ಅಂಗಡಿ ಸೇರಿತು. ಅಲ್ಲಿ ಅದಕ್ಕೆ ಒಳ್ಳೆ ಮರ್ಯಾದೆ. ಟಕಟಕ ಸದ್ದು ಕೇಳಿದರೆ ಕೆಲಸ ಜೋರಾಗಿ ನಡೆದಿದೆ ಎಂದು ಗಿರಾಕಿಗಳಿಗೆ ಸಮಾಧಾನ.

ಮೆಕ್ಯಾನಿಕಲ್ ಸ್ವಿಚ್ಚಿನ ಇನ್ನೊಂದು ಗುಣ ಬಾಕ್ಸ್ ಮೇಲೆ ಎಲ್ಲೂ ಬರೆದಿರುವುದಿಲ್ಲ. ಲೋಹಕ್ಕೆ ಲೋಹ ತಾಗಿದಾಗ ಒಂದೇ ಸಲಕ್ಕೆ ಕೂಡಿಕೊಳ್ಳುವುದಿಲ್ಲ. ನೆಲಕ್ಕೆ ಬಿದ್ದ ಗೋಲಿಯ ಹಾಗೆ ಕೆಲವು ಸಲ ಪುಟಿದು ಆಮೇಲೆ ನಿಲ್ಲುತ್ತದೆ. ಪುಟಿದಾಗಲೆಲ್ಲ ಒಂದೊಂದು ಅಕ್ಷರ ಬರಬಾರದೆಂದು ಚಿಪ್ ಕೆಲವು ಮಿಲಿಸೆಕೆಂಡ್, ಹಲವು ಕಡೆ 5, ಕಾಯುತ್ತದೆ. ಇದಕ್ಕೆ ಡಿಬೌನ್ಸ್ ಅನ್ನುತ್ತಾರೆ. ಜಾಣ ಕಂಪನಿಗಳು ಒತ್ತಿದ ಕೂಡಲೇ ಸುದ್ದಿ ಕಳಿಸಿ, ಕಾಯುವ ಕೆಲಸವನ್ನು ಬಿಡುವ ಕಡೆಗೆ ತಳ್ಳುತ್ತಾರೆ. ಒತ್ತುವ ವೇಗ ಅಳೆದವರಿಗೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಬಿಡುವ ಕಡೆ ತಡ ಆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟೆಲ್ಲ ಬೈದರೂ, ಎರಡರಿಂದ ನಾಲ್ಕು ಸಾವಿರದೊಳಗೆ ಒಂದೇ ಕೀಬೋರ್ಡಿನಲ್ಲಿ ಓದು, ಕೆಲಸ, ಆಟ ಎಲ್ಲ ಆಗಬೇಕೆಂದರೆ ನನ್ನ ಉತ್ತರ ವೈರ್ ಇರುವ ಕೆಂಪು ಸ್ವಿಚ್ಚಿನ ಮೆಕ್ಯಾನಿಕಲ್ಲೇ. ರೆಡ್ರ್ಯಾಗನ್, ಕಾಸ್ಮಿಕ್ ಬೈಟ್, ಇವೊಫಾಕ್ಸ್ ಹೀಗೆ ಹಲವರು ಈ ಬೆಲೆಗೆ ಮಾರುತ್ತಾರೆ. ಹಾಟ್‌ಸ್ವಾಪ್ ಇರುವುದನ್ನೇ ಆರಿಸಿ. ಸ್ವಿಚ್ ಕೆಟ್ಟರೆ ಚಿಮಟದಿಂದ ಕಿತ್ತು ಬೇರೆ ಚುಚ್ಚಬಹುದು, ಬೆಸುಗೆ ಹಾಕಿಸಲು ರೇಡಿಯೊ ರಿಪೇರಿಯವರನ್ನು ಹುಡುಕಬೇಕಿಲ್ಲ.

ಆಪ್ಟಿಕಲ್ ಬಗ್ಗೆ ಎರಡೇ ಮಾತು. ಇದರಲ್ಲಿ ಎಸಳಿನ ಬದಲು ಬೆಳಕಿನ ಕಿರಣ. ಕೀ ಇಳಿದಾಗ ಕಿರಣದ ದಾರಿ ಬದಲಾಗುತ್ತದೆ. ಪುಟಿಯುವ ಲೋಹ ಇಲ್ಲ, ಹಾಗಾಗಿ ಕಾಯುವುದೂ ಬೇಕಿಲ್ಲ. ರೇಜರ್ 2018ರಲ್ಲಿ ಹಂಟ್ಸ್‌ಮನ್ ತಂದಾಗ ಇದರ ಹೆಸರು ಜೋರಾಗಿತ್ತು. ಆದರೆ ಸಾದಾ ಆಪ್ಟಿಕಲ್ಲಿನಲ್ಲೂ ಹತ್ತುವ ಜಾಗ ಒಂದೇ ಕಡೆ ಗಟ್ಟಿ. ಮುಂದೆ ಹೇಳುವುದು ಬಂದ ಮೇಲೆ ಇದನ್ನು ಹುಡುಕಿಕೊಂಡು ಹೋಗಲು ನನಗಂತೂ ಕಾರಣ ಕಾಣುತ್ತಿಲ್ಲ.

ಹಾಲ್ ಎಫೆಕ್ಟ್, ಅಂದರೆ ಆಯಸ್ಕಾಂತದ ಕೀಬೋರ್ಡ್

"ಹಾಲ್" ಅಂದರೆ ಕುಡಿಯುವ ಹಾಲಲ್ಲ, ಮನುಷ್ಯನ ಹೆಸರು. ಎಡ್ವಿನ್ ಹಾಲ್ ಎಂಬ ಅಮೆರಿಕದ ಭೌತವಿಜ್ಞಾನಿ 1879ರಲ್ಲಿ ಇದನ್ನು ಕಂಡುಹಿಡಿದ. ಕರೆಂಟ್ ಹರಿಯುವ ಪಟ್ಟಿಯ ಹತ್ತಿರ ಆಯಸ್ಕಾಂತ ತಂದರೆ ಅದರ ಅಡ್ಡಕ್ಕೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹತ್ತಿರ ತಂದಷ್ಟೂ ವೋಲ್ಟೇಜ್ ಹೆಚ್ಚು. ಕೀಯ ಬುಡದಲ್ಲಿ ಪುಟ್ಟ ಆಯಸ್ಕಾಂತ, ಕೆಳಗಿನ ಬೋರ್ಡಿನಲ್ಲಿ ಸೆನ್ಸರ್. ಇಷ್ಟೇ. ಲೋಹ ಲೋಹಕ್ಕೆ ತಾಗುವುದೇ ಇಲ್ಲ.

ಇದರಿಂದ ಆದ ಲಾಭ ದೊಡ್ಡದು. ಮೇಲೆ ಹೇಳಿದ ಸ್ವಿಚ್‌ಗಳಿಗೆ "ಒತ್ತಿದೆ", "ಒತ್ತಿಲ್ಲ" ಎಂಬ ಎರಡೇ ಸ್ಥಿತಿ ಗೊತ್ತು. ಇದಕ್ಕೆ ಕೀ ಎಷ್ಟು ಆಳದಲ್ಲಿದೆ ಎಂಬುದೇ ಗೊತ್ತು. ಹಾಗಾಗಿ ಎಲ್ಲಿ ಹತ್ತಬೇಕು ಎಂಬುದನ್ನು ನೀವೇ ಇಡಬಹುದು. ಬಹಳಷ್ಟು ಮಾದರಿಗಳಲ್ಲಿ 0.1ರಿಂದ ಸುಮಾರು 4 ಮಿಲಿಮೀಟರ್ ತನಕ. ಕೀ ಕೆಳಗೆ ಹೊರಟಿದೆಯೋ ಮೇಲೆ ಬರುತ್ತಿದೆಯೋ ಎಂಬುದೂ ಅದಕ್ಕೆ ತಿಳಿಯುತ್ತದೆ. ಇಲ್ಲಿಂದಲೇ ರ‍್ಯಾಪಿಡ್ ಟ್ರಿಗರ್ ಹುಟ್ಟಿದ್ದು. ಇದನ್ನು ಆಟಗಾರರ ಬಾಯಿಗೆ ತಂದದ್ದು ನೆದರ್ಲೆಂಡ್ಸಿನ ವೂಟಿಂಗ್ ಎಂಬ ಚಿಕ್ಕ ಕಂಪನಿ. ಈಗ ಎಲ್ಲರೂ ಕೊಡುತ್ತಾರೆ.

ಮನೆಯ ನಳ ನೆನಪಿಸಿಕೊಳ್ಳಿ. ಸಾದಾ ಸ್ವಿಚ್ ಹೇಗೆಂದರೆ, ನಳದ ಚಾವಿಯನ್ನು ವಾಪಸ್ ಒಂದು ಗುರುತಿನ ತನಕ ತಿರುಗಿಸಿದರೆ ಮಾತ್ರ ನೀರು ನಿಲ್ಲುತ್ತದೆ. ಪೂರ್ತಿ ತೆರೆದಿದ್ದರೆ ಅಷ್ಟೂ ತಿರುಗಿಸಬೇಕು. ರ‍್ಯಾಪಿಡ್ ಟ್ರಿಗರ್‌ನಲ್ಲಿ ಕೈ ಹಿಂದಕ್ಕೆ ಹೊರಳಿತೆಂದರೆ ನೀರು ಬಂದ್. ಮತ್ತೆ ಮುಂದಕ್ಕೆ ಹೊರಳಿತೆಂದರೆ ಶುರು. ಕೀ ಎಷ್ಟೇ ಆಳದಲ್ಲಿರಲಿ, 0.2 ಮಿಲಿಮೀಟರ್ ಮೇಲೆದ್ದರೆ ಸಾಕು, ಬಿಟ್ಟ ಹಾಗೆ. ಕೆಂಪು ಸ್ವಿಚ್ಚಿನ 2 ಮಿಲಿಮೀಟರ್ ಜೊತೆ ಹೋಲಿಸಿ ನೋಡಿ.

ಬಿಡುವುದಕ್ಕೆ ಇಷ್ಟು ಮಹತ್ವ ಯಾಕೆ? ಸಿಎಸ್ 2, ವ್ಯಾಲೊರಂಟ್ ಆಡಿದವರಿಗೆ ಗೊತ್ತು. ಓಡುತ್ತಾ ಗುಂಡು ಹಾರಿಸಿದರೆ ಗುರಿ ಎಲ್ಲೆಲ್ಲೋ ಹೋಗುತ್ತದೆ. ನಿಂತು ಹೊಡೆಯಬೇಕು. ಗೋಡೆಯ ಮೂಲೆಯಿಂದ ಡಿ ಒತ್ತಿ ಬಲಕ್ಕೆ ಸರಿದಿರಿ, ಎದುರಾಳಿ ಕಂಡ. ಡಿ ಬಿಡಬೇಕು, ಎ ಒಮ್ಮೆ ತಟ್ಟಿ ನಿಲ್ಲಬೇಕು, ಹೊಡೆಯಬೇಕು. ನಿಮ್ಮ ಬೆರಳು ಡಿ ಬಿಟ್ಟಿದೆ, ಆದರೆ ಕೀ ಇನ್ನೂ ಮೇಲೆ ಬರುವ ಹಾದಿಯಲ್ಲಿದೆ. ಆಟದ ಪಾಲಿಗೆ ನೀವಿನ್ನೂ ಓಡುತ್ತಲೇ ಇದ್ದೀರಿ. ಮೊದಲ ಗುಂಡು ಅವನ ಕಿವಿ ಪಕ್ಕ ಹೋಯಿತು. "ಸರಿಯಾಗೇ ಹೊಡೆದಿದ್ನಲ್ಲ!" ಎಂದು ಚೀರುವುದು ಇಂಥ ಕಡೆಯೇ. ನಾನು ಕೆಂಪಿನಿಂದ ಹಾಲ್ ಎಫೆಕ್ಟಿಗೆ ಬಂದಾಗ ಕೈಗೆ ಹತ್ತಿದ ಫರಕು ಇದೊಂದೇ. ಒತ್ತುವಾಗ ಏನೂ ಬದಲಾದ ಹಾಗೆ ಅನ್ನಿಸಲಿಲ್ಲ. ನಿಲ್ಲುವುದು ಮಾತ್ರ ಚಕ್ಕನೆ ಆಗತೊಡಗಿತು.

ಎರಡೇ ಕೀಯನ್ನು ತಾಳಕ್ಕೆ ಸರಿಯಾಗಿ ಕುಟ್ಟುವ ಒಸು ಥರದ ಆಟಗಳಿಗೂ ಇದು ಬಹಳ ಉಪಯೋಗ. ಡೋಟಾ 2, ಲೀಗ್ ಆಫ್ ಲೆಜೆಂಡ್ಸ್ ಥರದವುಗಳಲ್ಲಿ ನಡೆದಾಡುವುದೇ ಮೌಸಿನಲ್ಲಿ. ಅಲ್ಲಿ ರ‍್ಯಾಪಿಡ್ ಟ್ರಿಗರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಸೆಟ್ಟಿಂಗ್ ಹೇಗೆ ಇಡಬೇಕು? ನಡೆದಾಡುವ ಕೀಗಳಾದ ಡಬ್ಲ್ಯೂ, ಎ, ಎಸ್, ಡಿ ನಾಲ್ಕಕ್ಕೆ ನಾನು ಹತ್ತುವ ಆಳ 0.8, ರ‍್ಯಾಪಿಡ್ ಟ್ರಿಗರ್ 0.2 ಇಟ್ಟಿದ್ದೇನೆ. ಉಳಿದ ಕೀಗಳಿಗೆ ಒಂದೂವರೆ, ಎರಡು. ಬಾಂಬ್ ಎಸೆಯುವ ಕೀ 0.1ರಲ್ಲಿ ಇದ್ದರೆ ಬೆರಳು ಸವರಿದರೂ ಬಾಂಬ್ ಕೈಗೆ ಬರುತ್ತದೆ. ಎಲ್ಲದಕ್ಕೂ 0.1 ಇಡುವ ಆಸೆ ಎಲ್ಲರಿಗೂ ಆಗುತ್ತದೆ. ಇಡಬೇಡಿ. ಬೆರಳಿಗೂ ಒಂದು ಭಾರ ಇದೆ, ಸುಮ್ನೆ ಕೀ ಮೇಲೆ ಇಟ್ಟರೂ ಅಷ್ಟು ಇಳಿಯುತ್ತದೆ. ಟೈಪಿಂಗಿಗೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ.

ಇದರಲ್ಲೂ ಕುಂದು ಇದೆ. ಆಯಸ್ಕಾಂತದ ಬಲ ಬಿಸಿಯ ಜೊತೆ ಸ್ವಲ್ಪ ಬದಲಾಗುತ್ತದೆ. ಒಳ್ಳೆ ಕೀಬೋರ್ಡ್ ತನ್ನಷ್ಟಕ್ಕೆ ಸರಿ ಮಾಡಿಕೊಳ್ಳುತ್ತದೆ, ಅಗ್ಗದ್ದಕ್ಕೆ ನೀವೇ ಆಗಾಗ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಹೊಂದಿಸುವ ಕೆಲಸ, ಮಾಡಬೇಕು. ನಾನು ಚಳಿಗಾಲದಲ್ಲಿ ಒಮ್ಮೆ, ಏಪ್ರಿಲ್ ಬಿಸಿಲು ಶುರುವಾದಾಗ ಒಮ್ಮೆ ಮಾಡುತ್ತೇನೆ. ಹಾಟ್‌ಸ್ವಾಪ್ ಇದ್ದರೂ ಇದಕ್ಕೆ ಆಯಸ್ಕಾಂತದ ಸ್ವಿಚ್ಚೇ ಬೇಕು. ಮೆಕ್ಯಾನಿಕಲ್ ಸ್ವಿಚ್ ತಂದು ಚುಚ್ಚಿದರೆ ನಡೆಯುವುದಿಲ್ಲ. ಮತ್ತೆ, ಎಲ್ಲವೂ ಸಾಫ್ಟ್‌ವೇರ್ ಕೈಯಲ್ಲಿದೆ. ಸೆಟ್ಟಿಂಗ್ ಕೀಬೋರ್ಡಿನೊಳಗೇ ಉಳಿಯುತ್ತದೆಯೇ, ಬ್ರೌಸರಿನಲ್ಲೇ ಬದಲಿಸಲು ಬರುತ್ತದೆಯೇ ಎಂದು ಕೊಳ್ಳುವ ಮೊದಲು ನೋಡಿ. ಯಾವುದೋ ಗೊತ್ತಿಲ್ಲದ ಜಾಗದಿಂದ ಜಿಪ್ ಫೈಲ್ ಇಳಿಸಿಕೊಳ್ಳಿ ಎಂದರೆ ನಾನು ಆ ಮಾದರಿಯನ್ನೇ ಬಿಡುತ್ತೇನೆ.

ಒಂದು ಎಚ್ಚರಿಕೆ. ಈ ಕೀಬೋರ್ಡುಗಳಲ್ಲಿ ಸ್ನ್ಯಾಪ್ ಟ್ಯಾಪ್ ಅಥವಾ ಎಸ್ಒಸಿಡಿ ಎಂಬ ಇನ್ನೊಂದು ಸೌಲಭ್ಯ ಇರುತ್ತದೆ. ಎ ಮತ್ತು ಡಿ ಎರಡೂ ಒತ್ತಿದ್ದರೆ ಕೊನೆಗೆ ಒತ್ತಿದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂದರೆ ಡಿ ಬಿಡುವ ಕೆಲಸವನ್ನು ನಿಮ್ಮ ಪರವಾಗಿ ಕೀಬೋರ್ಡೇ ಮಾಡುತ್ತದೆ. 2024ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಸಿಎಸ್ 2ರ ತನ್ನ ಸರ್ವರ್‌ಗಳಲ್ಲಿ ಇದಕ್ಕೆ ತಡೆ ಹಾಕಿತು. ಸಿಕ್ಕಿಬಿದ್ದರೆ ಆಟದಿಂದ ಹೊರಗೆ. ರ‍್ಯಾಪಿಡ್ ಟ್ರಿಗರ್‌ಗೆ ಈ ತೊಂದರೆ ಇಲ್ಲ, ಅಲ್ಲಿ ಬೆರಳು ನಿಜವಾಗಿಯೂ ಏಳಬೇಕು. ಸಿಎಸ್ ಆಡುವವರು ಬಾಕ್ಸ್ ತೆರೆದ ದಿನವೇ ಸ್ನ್ಯಾಪ್ ಟ್ಯಾಪ್ ಬಂದ್ ಇದೆಯೇ ಎಂದು ನೋಡಿ. ಬೇರೆ ಆಟಗಳಿಗೆ ಆಯಾ ಆಟದ ನಿಯಮ ಓದಿ.

ಬೆಲೆ? ಮೊದಲು ಹದಿನೈದು, ಇಪ್ಪತ್ತು ಸಾವಿರದ ಮಾತಾಗಿತ್ತು. ಈಗ ನಾಲ್ಕೈದು ಸಾವಿರಕ್ಕೂ ಸಿಗುತ್ತವೆ. ದುಬಾರಿಯದ್ದರಲ್ಲಿ ಸೆನ್ಸರ್ ಹೆಚ್ಚು ಕರಾರುವಾಕ್ಕು, ಸಾಫ್ಟ್‌ವೇರ್ ನೀಟು, ಕಟ್ಟು ಗಟ್ಟಿ. ಕಲಿಯುವವರಿಗೆ, ಮಧ್ಯಮ ಮಟ್ಟದಲ್ಲಿ ಆಡುವವರಿಗೆ ಅಗ್ಗದ್ದೇ ಸಾಕು ಅನ್ನುವುದು ನನ್ನ ಅನುಭವ.

ವೈರ್, ಧೂಳು, ಅಳತೆ

ವೈರ್‌ಲೆಸ್ಸಿನಲ್ಲಿ ಎರಡು ಜಾತಿ. ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಜ್ ಒಳ್ಳೆಯದು, 1000 ಹರ್ಟ್ಜ್ ಮುಟ್ಟುತ್ತದೆ. ಬ್ಲೂಟೂತ್ ಆಟಕ್ಕೆ ಬೇಡ. ಅದು ಚೆನ್ನಾಗಿ ನಡೆದರೂ ಏಳೂವರೆ ಮಿಲಿಸೆಕೆಂಡಿಗೆ ಒಮ್ಮೆ ಮಾತ್ರ ಮಾತಾಡುತ್ತದೆ. ಕೀಬೋರ್ಡೇನು ಮೌಸಿನ ಹಾಗೆ ಓಡಾಡುವುದಿಲ್ಲ, ವೈರ್ ಇದ್ದರೆ ಯಾರಿಗೇನು ಅಡ್ಡಿ? ಆ ದುಡ್ಡು ಉಳಿಸಿ.

ಧೂಳಿನ ಮಾತು ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟು ಒಂದು ತಾಸು ಬಿಟ್ಟು ಬಂದರೆ ಟೇಬಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಮೆಕ್ಯಾನಿಕಲ್ ಸ್ವಿಚ್ಚಿನ ಎಸಳಿಗೆ ಧೂಳು ಹಿಡಿದರೆ ಒಮ್ಮೆ ಒತ್ತಿದ್ದು ಎರಡು ಸಲ ಹತ್ತುತ್ತದೆ. ನನ್ನ ಅಂಗಡಿಯ ನೀಲಿಯಲ್ಲಿ ಜಿ ಕೀ ಹೀಗೆ ಕೆಟ್ಟು, ಒಂದು ಲಗ್ನಪತ್ರಿಕೆಯಲ್ಲಿ "ಆಗಮಿಸಿ" ಇದ್ದದ್ದು "ಆಗಗಮಿಸಿ" ಆಗಿತ್ತು. ಪ್ರೂಫ್ ಓದುವಾಗ ಹುಡುಗಿಯ ಅಪ್ಪ ಕಣ್ಣರಳಿಸಿ ಹಿಡಿದರು, ಬಚಾವಾದೆ. ಆಯಸ್ಕಾಂತದ್ದರಲ್ಲೂ ಆಪ್ಟಿಕಲ್ಲಿನಲ್ಲೂ ತಾಗುವ ಲೋಹವೇ ಇಲ್ಲದ್ದರಿಂದ ಈ ಕಾಟ ಇಲ್ಲ. ಆದರೂ ರಾತ್ರಿ ಒಂದು ಬಟ್ಟೆ ಮುಚ್ಚಿ ಮಲಗಿ. ಆಡುತ್ತಾ ಗಿರಮಿಟ್ ತಿನ್ನುವ ಅಭ್ಯಾಸ ಇದ್ದರಂತೂ ದೇವರೇ ಗತಿ, ಚುರುಮುರಿ ಚೂರು ಸ್ಪೇಸ್ ಬಾರ್ ಕೆಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ.

ಅಳತೆಯಲ್ಲಿ ವೇಗದ ಮಾತಿಲ್ಲ, ಜಾಗದ ಮಾತು. ಬಲಗಡೆಯ ಅಂಕಿ ಕೀಗಳು ಹೋದರೆ ಮೌಸಿಗೆ ಒಂದು ಗೇಣು ಜಾಗ ಸಿಗುತ್ತದೆ. 61 ಕೀಯದ್ದು ನೋಡಲು ಚೆಂದ, ಆದರೆ ಬಾಣದ ಕೀ ಇಲ್ಲ. ಕೋಡಿಂಗ್ ಮಾಡುವ ಹುಡುಗರು ಅಳುತ್ತಾರೆ. ಬಾಣದ ಕೀ ಇರುವ 68 ಕೀಯ ಆಸುಪಾಸಿನದ್ದು, ಇಲ್ಲವೇ 87 ಕೀಯದ್ದು ತಗೊಳ್ಳಿ. ಬಿಲ್ಲಿಂಗ್, ಟ್ಯಾಲಿ ಕೆಲಸ ಇದ್ದರೆ ಮಾತ್ರ ಪೂರ್ತಿ 104.

ದುಡ್ಡು ಕೊಡುವ ಮೊದಲು

ಕೊಪ್ಪಿಕರ್ ರಸ್ತೆ ಕಡೆ ನಾನು ತಿರುಗಿದ ಅಂಗಡಿಗಳಲ್ಲಿ ಹೆಚ್ಚಾಗಿ ಕಂಡದ್ದು ಮೆಂಬ್ರೇನ್ ಮತ್ತು ನೀಲಿ ಸ್ವಿಚ್. ಹಾಲ್ ಎಫೆಕ್ಟ್ ಕೇಳಿದರೆ ತರಿಸಿಕೊಡುತ್ತೇವೆ ಅನ್ನುತ್ತಾರೆ, ಇಲ್ಲವೇ ಆನ್‌ಲೈನ್ ದಾರಿ. ಅಂಗಡಿಯಲ್ಲೇ ಕೊಳ್ಳುವುದಾದರೆ ಒಂದು ಕೀಕ್ಯಾಪ್ ತೆಗೆದು ತೋರಿಸಲು ಹೇಳಿ. ಕೆಳಗೆ ರಬ್ಬರ್ ಕಂಡರೆ ಮೆಂಬ್ರೇನ್, ಪ್ಲಸ್ (+) ಆಕಾರದ ಬಣ್ಣದ ಗಡ್ಡಿ ಕಂಡರೆ ಮೆಕ್ಯಾನಿಕಲ್. ಸ್ಪೇಸ್ ಬಾರಿನ ಎರಡೂ ತುದಿ ಒತ್ತಿ ನೋಡಿ, ಒಂದು ಕಡೆ ಗಲಗಲ ಅಂದರೆ ಬೇಡ. ವಾರಂಟಿ ರಿಪೇರಿ ಇಲ್ಲೇ ಆಗುತ್ತದೋ, ಪಾರ್ಸೆಲ್ ಮಾಡಿ ಬೇರೆ ಊರಿಗೆ ಕಳಿಸಬೇಕೋ, ಆ ಖರ್ಚು ಯಾರದ್ದು ಎಂದೂ ಕೇಳಿ.

ತಂದ ಮೇಲೆ ಹಳೆಯದಕ್ಕೂ ಹೊಸದಕ್ಕೂ ಫರಕು ಇದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಫೋನಿನ ಸ್ಲೋ ಮೋಷನ್ 240 ಫ್ರೇಮಿಗೆ ಇಟ್ಟು, ಬೆರಳೂ ಪರದೆಯೂ ಒಟ್ಟಿಗೆ ಕಾಣುವ ಹಾಗೆ ಹಿಡಿಯಿರಿ. ಡಿ ಒತ್ತಿ, ಬಿಡಿ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸಿ, ಬೆರಳು ಎದ್ದಾಗಿನಿಂದ ಆಟಗಾರ ನಿಲ್ಲುವವರೆಗೆ ಎಷ್ಟು ಫ್ರೇಮ್ ಎಂದು ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಒಂದೇ ಸಲಕ್ಕೆ ನಂಬಬೇಡಿ, ಹತ್ತು ಸಲ ಮಾಡಿ. ಕೆಂಪಿಗೂ ರ‍್ಯಾಪಿಡ್ ಟ್ರಿಗರ್‌ಗೂ ಇರುವ ಅಂತರ ಇದರಲ್ಲಿ ಕಾಣುತ್ತದೆ. 1000 ಹರ್ಟ್ಜಿಗೂ 8000 ಹರ್ಟ್ಜಿಗೂ ಇರುವುದು ಈ ಕ್ಯಾಮೆರಾಕ್ಕೇ ಕಾಣುವುದಿಲ್ಲ.

ಅಳಿಯನ ಹತ್ತಿರ ಇದ್ದದ್ದು ಎಂಟು ಸಾವಿರ. ಅವನು ತೋರಿಸಿದ 8000 ಹರ್ಟ್ಜಿನದ್ದು ಅಷ್ಟನ್ನೂ ನುಂಗುತ್ತಿತ್ತು. ಕೊನೆಗೆ 68 ಕೀಯ, 1000 ಹರ್ಟ್ಜಿನ, ರ‍್ಯಾಪಿಡ್ ಟ್ರಿಗರ್ ಇರುವ ಹಾಲ್ ಎಫೆಕ್ಟ್ ಒಂದನ್ನು ನಾಲ್ಕೂವರೆ ಸಾವಿರಕ್ಕೆ ಆರ್ಡರ್ ಮಾಡಿದೆವು. ಮರುದಿನ ಸಂಜೆ ಒಂದು ಲ್ಯಾನ್ ಕೇಬಲ್ ಕೊಡಿಸಿ ಬಸ್ ಹತ್ತಿಸಿದೆ. ಉಳಿದ ದುಡ್ಡು ಮಾನಿಟರ್ ಲೆಕ್ಕಕ್ಕೆ.

ನಾಲ್ಕು ದಿನ ಬಿಟ್ಟು ರಾತ್ರಿ ಫೋನ್ ಮಾಡಿದ.

"ಮಾಮಾ, ಕೀಬೋರ್ಡ್ ಬಂತು. ಆದ್ರ ಏನೋ ಕೆಟ್ಟೈತಿ ಅನ್ಸತೈತಿ. ನಾ ಸುಮ್ನ ಕುಂತ್ರೂ ನಮ್ಮ ಮನುಷ್ಯಾ ಮುಂದ ಹೊಂಟಾನ."

"ಎಲ್ಲಾ ಕೀಗೂ 0.1 ಇಟ್ಟಿಯೇನು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೌಸ್ ಕ್ಲಿಕ್ ಆದ ಸದ್ದು ಕೇಳಿಸಿತು.